ಗಂಟೆಗೆ ತುರುಕಿದ ಬಟ್ಟೆ

ಅಂಜನಾಪುರದಲ್ಲಿ ಬಸ್ಸಿಳಿದು ವೀರಬಸಪ್ಪನವರ ಮನೆ ಯಾವುದೆಂದು ಕೇಳಿದರೆ ಜನ ತಿರುಗಿ ಒಂದು ಪ್ರಶ್ನೆ ಹಾಕುತ್ತಾರೆ. "ಡೈರಿ ವೀರಬಸಪ್ಪನೋರಾ, ಭಾಷಣದ ವೀರಬಸಪ್ಪನೋರಾ?" ಇಬ್ಬರೂ ಒಬ್ಬರೇ. ಗೊತ್ತಿದ್ದೂ ಕೇಳುತ್ತಾರೆ. ಹೊಸಬರನ್ನು ಇಷ್ಟಾದರೂ ಗೋಳು ಹೊಯ್ದುಕೊಳ್ಳದಿದ್ದರೆ ಆ ಊರವರಿಗೆ ತಿಂದದ್ದು ಅರಗುವುದಿಲ್ಲ.

ಡೈರಿಯ ವೀರಬಸಪ್ಪನವರ ಕಡೆ ಬೆರಳು ತೋರಿಸುವವರು ಯಾರೂ ಇರಲಿಲ್ಲ. ಹನ್ನೊಂದು ವರ್ಷದಿಂದ ಹಾಲಿನ ಸಂಘದ ಅಧ್ಯಕ್ಷರು. ಬೆಳಗ್ಗೆ ಆರಕ್ಕೆ ಮನೆಯ ಕ್ಯಾನನ್ನು ತಾವೇ ಹೊತ್ತುಕೊಂಡು ಹೋಗಿ, "ಮೊದ್ಲು ನಂದು ನೋಡಪ್ಪ, ಎಲ್ಲಾರಿಗೂ ಕಾಣೋ ಹಂಗೆ ನೋಡು" ಎಂದು ಪರೀಕ್ಷೆಯವನ ಮುಂದಿಡುತ್ತಿದ್ದರು. ಒಮ್ಮೆ ಹೆಂಡತಿ ಮಹಾದೇವಮ್ಮ ಕ್ಯಾನು ತೊಳೆದು ನೀರು ಬಸಿಯಲು ಮರೆತಿದ್ದರಿಂದ ಹಾಲು ತೆಳ್ಳಗೆ ಬಂತು. ಅಧ್ಯಕ್ಷರದಲ್ಲವೇ ಎಂದು ಪರೀಕ್ಷೆಯವನು ಆಕಡೆ ಈಕಡೆ ನೋಡತೊಡಗಿದ. ವೀರಬಸಪ್ಪನವರು ಹಾಲನ್ನು ವಾಪಸ್ಸು ತಂದರು. ಹೋಗುವ ಮುಂಚೆ ಡೈರಿಯ ಕಪ್ಪು ಹಲಗೆಯ ಮೇಲೆ, ನೀರು ಹಾಲು ತಂದವರು ಎಂದು ತಮ್ಮ ಹೆಸರನ್ನು ತಾವೇ ಬರೆದರು. ಅದು ಒಂದು ವಾರ ಅಲ್ಲೇ ಇತ್ತು.

ಭಾಷಣದ ವೀರಬಸಪ್ಪ ಹುಟ್ಟಿದ್ದು ಆ ಕಪ್ಪು ಹಲಗೆಯಿಂದಲೇ. ಆ ಸುದ್ದಿ ಶಿಕಾರಿಪುರಕ್ಕೆ ಹೋಯಿತು, ಶಿರಾಳಕೊಪ್ಪಕ್ಕೆ ಹೋಯಿತು. ಮುಂದಾಳು ಹೇಗಿರಬೇಕು ಎಂದು ನಾಲ್ಕು ಮಾತು ಹೇಳಿ ಬನ್ನಿ ಎಂದು ಮೊದಲು ಒಂದು ಶಾಲೆಯವರು ಕರೆದರು, ಆಮೇಲೆ ಸಂಘದವರು, ಆಮೇಲೆ ಮದುವೆ ಮನೆಯವರು ಕೂಡ. ಮಾತಿನಲ್ಲಿ ಅವರದು ಎತ್ತಿದ ಕೈ. "ಊರು ಆಳೋದು ಆಮೇಲೆ. ನಿನ್ನ ಮನೇಲಿ ನಿನ್ನ ತಪ್ಪು ನೀನು ಬಾಯಿಬಿಟ್ಟು ಹೇಳ್ತೀಯಾ, ಅದು ಮೊದ್ಲು" ಎಂದು ಅವರು ಶುರು ಮಾಡಿದರೆ ಹಿಂದಿನ ಸಾಲಿನಲ್ಲಿ ಅಡಿಕೆ ಅಗಿಯುವವರೂ ಬಾಯಿ ನಿಲ್ಲಿಸುತ್ತಿದ್ದರು.

ಮನೆಯಲ್ಲಿ ಅವರು ಹಾಗೇ ಇದ್ದರು ಎಂಬುದು ಸುಳ್ಳಲ್ಲ. ಉಂಡ ತಟ್ಟೆ ತಾವೇ ತೊಳೆಯುತ್ತಿದ್ದರು. ಸಂಜೆ ಲಿಂಗಪೂಜೆ ಮುಗಿದ ಮೇಲೆ, ಊಟಕ್ಕೆ ಮುಂಚೆ, ಮನೆಮಂದಿಯೆಲ್ಲ ಪಡಸಾಲೆಯ ಚಾಪೆಯ ಮೇಲೆ ಸುತ್ತ ಕೂರಬೇಕು. ನಡುವೆ ವಿಭೂತಿ ತಟ್ಟೆ. ಒಬ್ಬೊಬ್ಬರು ಆ ದಿನ ತಮ್ಮಿಂದಾದ ಒಂದು ತಪ್ಪನ್ನು ಹೇಳಿ, ವಿಭೂತಿ ಹಚ್ಚಿಕೊಂಡು ಏಳಬೇಕು. ಇದಕ್ಕೆ 'ಒಪ್ಪಿಸುವುದು' ಎಂದು ಹೆಸರು. ಒಪ್ಪಿಸುವಾಗ ಯಾರೂ ನಡುವೆ ಬಾಯಿ ಹಾಕಬಾರದು, ಆಮೇಲೆ ಅದನ್ನೆತ್ತಿ ಆಡಬಾರದು, ಕೇಳಿದ ಮಾತು ಹೊಸ್ತಿಲು ದಾಟಬಾರದು. ಮೂರೂ ನೇಮ ವೀರಬಸಪ್ಪನವರೇ ಮಾಡಿದ್ದು.

ಸೊಸೆ ಜ್ಯೋತಿಲಕ್ಷ್ಮಿ ಸೊರಬದಿಂದ ಬಂದ ಹೊಸತರಲ್ಲಿ ಇದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅವಳ ತವರಿನಲ್ಲಿ ತಪ್ಪು ಯಾವಾಗಲೂ ಬೆಕ್ಕಿನದು. ಹಾಲು ಚೆಲ್ಲಿದ್ದು ಬೆಕ್ಕು, ಕನ್ನಡಿ ಒಡೆದಿದ್ದು ಬೆಕ್ಕು. ಇಲ್ಲಿ ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಹಾಲಿಗೆ ಹೆಪ್ಪು ಹಾಕುವುದು ಮರೆತೆ ಎಂದು ಒಪ್ಪಿಸಿ ಏಳುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಅದು ಅವಳಿಗೆ ಹಿಡಿಸಿಬಿಟ್ಟಿತು. ಒಪ್ಪಿಸದೆ ಉಂಡರೆ ಊಟ ಸೇರುತ್ತಿರಲಿಲ್ಲ. ಮಾವ ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ.

ಕಳೆದ ಕಾರ್ತಿಕದಲ್ಲಿ ಒಂದು ಸಂಜೆ ಅವಳು ದೊಡ್ಡದೊಂದನ್ನು ಒಪ್ಪಿಸಿದಳು. ಒಂದೂವರೆ ವರ್ಷದಿಂದ ಒಳಗೇ ಇಟ್ಟುಕೊಂಡಿದ್ದು.

ಅವಳ ತಾಯಿ ಹುಚ್ಚಮ್ಮನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ತಮ್ಮನ ಹೆಂಡತಿ ಮಾಲಾ ಹೆರಿಗೆಗೆಂದು ತನ್ನ ತವರಿಗೆ ಹೋಗಿದ್ದಳು. ಜ್ಯೋತಿ ಸೊರಬಕ್ಕೆ ಹೋಗಿ ನಲವತ್ತು ದಿನ ತಾಯಿಗೆ ಬಾಣಂತನಕ್ಕಿಂತ ಹೆಚ್ಚಿನ ಆರೈಕೆ ಮಾಡಿದಳು. ಆಗ ಹುಚ್ಚಮ್ಮನಿಗೆ ಮಾತು ಹೊರಡುತ್ತಿರಲಿಲ್ಲ. ಕರೆಯಲಿಕ್ಕೆಂದು ಕರುವಿನ ಕೊರಳಿನ ಗಂಟೆಯೊಂದನ್ನು ಮಂಚದ ಪಟ್ಟಿಗೆ ಕಟ್ಟಿದ್ದರು. ಎಡಗೈಯಲ್ಲಿ ಅಲ್ಲಾಡಿಸಿದರೆ ಜ್ಯೋತಿ ಓಡಿ ಬರಬೇಕು. ಹಗಲೂ ಗಂಟೆ, ರಾತ್ರಿಯೂ ಗಂಟೆ. ಮೂವತ್ತೆರಡನೆಯ ದಿನ ಮಧ್ಯಾಹ್ನ, ತಾಯಿಗೆ ಮಂಪರು ಹತ್ತಿದ್ದಾಗ, ಜ್ಯೋತಿ ಹಳೇ ಸೀರೆಯ ತುಂಡೊಂದನ್ನು ಹರಿದು ಗಂಟೆಯೊಳಗೆ ತುರುಕಿ, ಪಕ್ಕದ ಚಾಪೆಯ ಮೇಲೆ ಉರುಳಿಕೊಂಡಳು. ತಾಯಿ ಎದ್ದಳು. ಗಂಟೆ ಅಲ್ಲಾಡಿಸಿದಳು. ಸದ್ದಿಲ್ಲ. ಮತ್ತೆ ಅಲ್ಲಾಡಿಸಿದಳು. ಜ್ಯೋತಿ ಕಣ್ಣು ಮುಚ್ಚಿದಂತೆ ಮಾಡಿ ರೆಪ್ಪೆಯ ಸಂದಿನಿಂದ ನೋಡುತ್ತಲೇ ಇದ್ದಳು. ಏಳಲಿಲ್ಲ. ಗಂಟಲು ಒಣಗಿ, ಬಟ್ಟೆಯೆಲ್ಲ ಒದ್ದೆಯಾಗಿ, ಹುಚ್ಚಮ್ಮ ಕೊನೆಗೆ ಕೈ ಬಿಟ್ಟಳು. ಅವಳಿಗೆ ತಿಳಿಯದಂತೆ ಜ್ಯೋತಿ ಆಮೇಲೆ ಬಟ್ಟೆಯನ್ನು ಹೊರಗೆ ತೆಗೆದಳು. ತಿಂಗಳ ಮೇಲೆ ಮಾತು ಬಂದಾಗ ಅವಳು ಹೇಳಿದ ಮೊದಲ ಮಾತುಗಳಲ್ಲಿ ಇದೂ ಒಂದು: "ಗಂಟೆ ಬಾರ್ಸೋ ಶಕ್ತಿನೂ ಹೋಯ್ತು ಮಾರಾಯ್ತಿ ಈ ಕೈಗೆ." ಅಂದಿನಿಂದ ಅವಳು ಗಂಟೆ ಮುಟ್ಟುವುದನ್ನೇ ಕಡಿಮೆ ಮಾಡಿದ್ದಳು.

ಇದನ್ನು ಹೇಳಿ ಜ್ಯೋತಿ ವಿಭೂತಿ ಹಚ್ಚಿಕೊಂಡು ಎದ್ದಳು. ನೇಮದಂತೆ ಯಾರೂ ಮಾತಾಡಲಿಲ್ಲ. ಅವತ್ತು ಅವಳು ಎರಡು ರೊಟ್ಟಿ ಹೆಚ್ಚಿಗೆ ಉಂಡಳು, ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

*

ಮಾಘದಲ್ಲಿ ಸೊರಬದ ಸಂಘವೊಂದರಿಂದ ವೀರಬಸಪ್ಪನವರಿಗೆ ಕರೆ ಬಂತು. ಕಾರ್ಯದರ್ಶಿ ಗಿರೀಶ ಮನೆಗೇ ಬಂದು ಹಣ್ಣು ಕೊಟ್ಟು ಹೋದ. ಜ್ಯೋತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತನ್ನ ಊರಿನಲ್ಲಿ ತನ್ನ ಮಾವನ ಭಾಷಣ. ಎರಡು ದಿನ ಮುಂಚೆಯೇ ತವರಿಗೆ ಹೋದಳು.

"ಅವ್ವ, ನೀನೂ ಬರಬೇಕು" ಎಂದಳು.

"ನಾನೆಂತಕ್ಕೆ ಕೂಸೇ? ಹೊತ್ಕಂಡು ಹೋಗ್ಬೇಕು ನನ್ನ" ಎಂದಳು ಹುಚ್ಚಮ್ಮ.

"ಆಟೋ ಹೇಳಿದೀನಿ. ಮಾಲಾ ಒಂದು ಕಡೆ ಹಿಡೀತಾಳೆ, ನಾನೊಂದು ಕಡೆ. ಒಂದ್ಸಲ ಕೇಳು ನಮ್ಮ ಮಾವನ ಮಾತು."

ಹುಚ್ಚಮ್ಮ ಹಸಿರು ಅಂಚಿನ ಸೀರೆ ಉಡಿಸಿಕೊಂಡಳು, ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಸಭಾಭವನದಲ್ಲಿ ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತು. ವೀರಬಸಪ್ಪನವರು ವೇದಿಕೆ ಹತ್ತುವ ಮುಂಚೆ ಬೀಗಿತ್ತಿಯ ಹತ್ತಿರ ಬಂದು ಕೈಮುಗಿದು, "ಆರಾಮಿದೀರಾ?" ಎಂದು ಕೇಳಿ ಹೋದರು. ಅಕ್ಕಪಕ್ಕದವರು ನೋಡಿದರೆಂದು ಜ್ಯೋತಿಗೆ ಇನ್ನಷ್ಟು ಖುಷಿ.

ಭಾಷಣ ಚೆನ್ನಾಗಿಯೇ ನಡೆಯಿತು. ಕಪ್ಪು ಹಲಗೆಯ ಕಥೆಗೆ ಚಪ್ಪಾಳೆ ಬಿತ್ತು. ಆಮೇಲೆ ಅವರು ದನಿ ತಗ್ಗಿಸಿದರು.

"ನಂಗೆ ಗೊತ್ತಿರೋ ಒಬ್ಬ ಹೆಣ್ಣುಮಗಳು. ಹೆಸ್ರು ಬ್ಯಾಡ. ತಾಯಿಗೆ ಲಕ್ವ. ಮಾತಿಲ್ಲ. ಮಂಚಕ್ಕೆ ಒಂದು ಗಂಟೆ ಕಟ್ಟಿದ್ರು..."

ಮಾವ ಹೀಗೇ ತಿರುಗಿ ಬೇರೆ ಕಡೆ ಹೋಗುತ್ತಾರೆ, ಇದು ಬೇರೆ ಯಾರದೋ ಇರಬೇಕು ಎಂದುಕೊಂಡಳು ಜ್ಯೋತಿ. ಅವರು ತಿರುಗಲಿಲ್ಲ. ಹಳೇ ಸೀರೆಯ ತುಂಡು ಬಂತು. ಅದನ್ನು ಗಂಟೆಗೆ ತುರುಕಿದ್ದು ಬಂತು. "ನಿದ್ದೆ ಬಂದಿತ್ತೇನು ಆ ಮಗಳಿಗೆ? ಇಲ್ಲ! ಎಚ್ಚರಾಗೇ ಇದ್ಲು. ರೆಪ್ಪೆ ಸಂದೀಲಿ ನೋಡ್ತಾ ಇದ್ಲು. ತಾಯಿ ಕೈ ಅಲ್ಲಾಡ್ತಾ ಐತೆ, ಗಂಟೆ ಸದ್ದು ಬರ್ತಾ ಇಲ್ಲ!" ಎಂದು ವೀರಬಸಪ್ಪನವರು ತಮ್ಮ ಎಡಗೈಯನ್ನು ಎತ್ತಿ ಅಲ್ಲಾಡಿಸಿ ತೋರಿಸಿದರು. ಸಭೆಯಲ್ಲಿ ಲೊಚಗುಟ್ಟಿದ ಸದ್ದು. ಹಿಂದೆ ಯಾರೋ ಹೆಂಗಸು ಬಿಕ್ಕಿದಳು.

ಮಾಲಾ ತಲೆ ತಿರುಗಿಸಿ ಜ್ಯೋತಿಯನ್ನು ನೋಡಿದಳು. ಹುಚ್ಚಮ್ಮ ನೋಡಲಿಲ್ಲ. ಕುರ್ಚಿಯ ಕೈಯ ಮೇಲಿದ್ದ ಅವಳ ಎಡಗೈ ಮಾತ್ರ ಒಮ್ಮೆ ಮೇಲೆದ್ದು, ಗಾಳಿಯಲ್ಲಿ ನಿಂತು, ಮೆಲ್ಲಗೆ ಮಡಿಲಿಗೆ ಇಳಿಯಿತು.

*

ಮಧ್ಯಾಹ್ನದ ಊಟ ಬೀಗರ ಮನೆಯಲ್ಲೇ ಎಂದು ಮೊದಲೇ ಗೊತ್ತಾಗಿತ್ತು. ಮಾಲಾ ಹೋಳಿಗೆ ಮಾಡಿಟ್ಟಿದ್ದಳು. ಹುಚ್ಚಮ್ಮನನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ವೀರಬಸಪ್ಪನವರು ಎದುರಿಗೆ ಮಣೆಯ ಮೇಲೆ ಕೂತು, ತುಪ್ಪ ಹಾಕಿಸಿಕೊಂಡು, "ಹೆಂಗಿತ್ತು ಬೀಗ್ತೇರೆ ನಮ್ಮ ಮಾತು?" ಎಂದು ಕೇಳಿದರು.

"ಚಲೋ ಇತ್ತು" ಎಂದಳು ಹುಚ್ಚಮ್ಮ. "ನಂಗೆ ಎಲ್ಲಾ ತಿಳೀತು."

ಜ್ಯೋತಿ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹುಚ್ಚಮ್ಮ ಅವಳನ್ನು ದಾಟಿ ಅಡುಗೆಮನೆಯ ಬಾಗಿಲ ಕಡೆ ಕತ್ತು ಹೊರಳಿಸಿದಳು.

"ಮಾಲಾ, ನಂಗೊಂದು ಲೋಟ ನೀರು ಕೊಡೇ."

"ಅಕ್ಕನ ಕೈಯಲ್ಲೇ ಅದೆಯಲ್ಲ ಅತ್ತೆ" ಎಂದಳು ಮಾಲಾ ಒಳಗಿನಿಂದ.

"ನೀನೇ ಕೊಡು."

ಮಾಲಾ ಬಂದು ಕೊಟ್ಟಳು. ಜ್ಯೋತಿ ತಂಬಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಅವತ್ತು ಸಂಜೆಯ ಬಸ್ಸಿಗೆ ಅವಳು ಮಾವನ ಜೊತೆಗೇ ಹೊರಟಳು. ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಪಡಸಾಲೆಯಲ್ಲಿ ಮಾವನ ಮುಂದೆ ನಿಂತಳು.

"ಮಾವ, ಇಲ್ಲಿ ಆಡಿದ ಮಾತು ಹೊಸ್ತಿಲು ದಾಟಬಾರ್ದು ಅಂದೋರು ಯಾರು?"

"ಯಾವ ಮಾತವ್ವ?"

"ಗಂಟೆ."

ವೀರಬಸಪ್ಪನವರು ಶಲ್ಯ ಮಡಚುತ್ತಿದ್ದವರು ನಿಲ್ಲಿಸಿದರು. "ನಾನು ಹೆಸ್ರು ಎಲ್ಲಿ ಹೇಳ್ದೆ?"

"ಸೊರಬದಾಗೆ ಗಂಟೆ ಕಟ್ಟಿದ ಮಂಚ ಎಷ್ಟು ಇದಾವೆ ಮಾವ? ನಮ್ಮವ್ವ ಮುಂದೇ ಕೂತಿದ್ಲು. ನೀವೇ ಕೈಮುಗಿದು ಹೋದ್ರಿ."

"ನೋಡವ್ವ, ಒಳ್ಳೇದಕ್ಕೇ ಹೇಳಿದ್ದು. ಆ ಮಾತು ಕೇಳಿ ಎಷ್ಟು ಜನ ಕಣ್ಣೀರು ಹಾಕಿದ್ರು ನೋಡ್ದಿಯಲ್ಲ? ನಾಳೆ ನಾಕು ಮನೇಲಿ ಮುದುಕರನ್ನ ಚಲೋ ನೋಡ್ಕಂತಾರೆ. ನಿನ್ನ ಒಂದು ತಪ್ಪಿಂದ ನಾಕು ಮನೆಗೆ ಒಳ್ಳೇದಾತು ಅಂದ್ರೆ..."

"ಐದನೇ ಮನೆ ನಮ್ಮವ್ವಂದು ಮಾವ. ಅದಕ್ಕೇನಾತು?"

ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

ಗಂಡ ಚಂದ್ರಶೇಖರ ಶಿಕಾರಿಪುರದ ತನ್ನ ಪಂಪ್‌ಸೆಟ್ ರಿಪೇರಿ ಅಂಗಡಿ ಮುಚ್ಚಿ ಬಂದ. ಅವನಿಗೆ ಚಹಾ ಕೊಡುತ್ತ ಜ್ಯೋತಿ ಎಲ್ಲ ಹೇಳಿದಳು.

"ಅಪ್ಪಾಜಿ ಬೇಕಂತ ಮಾಡಿರಾಕಿಲ್ಲ ಬಿಡು" ಎಂದ ಅವನು.

"ನಿಮ್ದು ಯಾವತ್ತಾದ್ರೂ ಹೇಳಿದಾರಾ ಹಿಂಗೆ?"

"ನಂದೇನು ಹೇಳ್ತಾರೆ? ಬೋಲ್ಟು ಸರಿ ಬಿಗಿಲಿಲ್ಲ, ಗಿರಾಕಿ ಮೇಲೆ ರೇಗಿದೆ, ಇಷ್ಟೇ ನಾನು ಒಪ್ಸೋದು. ದೊಡ್ಡವು ಎಲ್ಲಾ ಹೇಳಕ್ಕೆ ನಾನೇನು ಹುಚ್ಚನಾ?"

ಜ್ಯೋತಿ ಅವನನ್ನೇ ನೋಡಿದಳು. ಹನ್ನೆರಡು ವರ್ಷ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದ ಮನುಷ್ಯ. "ಮತ್ತೆ ನಾನು ಹೇಳುವಾಗ ಒಂದು ಮಾತು ಅನ್ನಬಾರ್ದಿತ್ತೇನ್ರಿ?" ಎಂದಳು.

"ನೀನು ಅಷ್ಟು ಭಕ್ತೀಲಿ ಹೇಳ್ತಿದ್ದೆ" ಎಂದು ಅವನು ಚಹಾ ಊದಿದ.

*

ಮಾರನೆಯ ದಿನ ಮಹಾದೇವಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಜ್ಯೋತಿ ಎದುರಿಗೆ ಕೂತು ಒಂದು ಹಿಡಿ ತನ್ನ ಕಡೆ ಎಳೆದುಕೊಂಡಳು.

"ಅತ್ತೆ, ನೀವೇನೂ ಅನ್ನಲ್ವಾ?"

ಮಹಾದೇವಮ್ಮ ನಾಲ್ಕು ಕಾಯಿ ಸುಲಿದರು. ಆಮೇಲೆ ಹೇಳಿದರು. "ನಮ್ಮತ್ತೆ ತೀರಿಕಂಡ ದಿನ ನಂಗೆ ಒಳಗೊಳಗೇ ಹಗುರಾತು ಅಂತ ನಾನು ಒಪ್ಸಿದ್ದೆ. ನೀನಿನ್ನೂ ಬಂದಿರ್ಲಿಲ್ಲ. ಐದಾರು ವರ್ಷ ಆದ್ಮೇಲೆ ಆನವಟ್ಟೀಲಿ ಒಂದು ಮದುವೆ. ಪಕ್ಕದಾಗೆ ಊಟಕ್ಕೆ ಕೂತಿದ್ದೋಳು, 'ನಿಮ್ಮೆಜಮಾನ್ರು ಅತ್ತೆ ಸತ್ತಿದ್ದಕ್ಕೆ ಖುಷಿಪಟ್ಟ ಸೊಸೆ ಕಥೆ ಏನು ಚಂದ ಹೇಳ್ತಾರ್ರಿ' ಅಂದ್ಲು. ಅವಳು ನಕ್ಕಳು, ನಾನೂ ನಕ್ಕೆ."

"ನೀವು ಮಾವನ್ನ ಕೇಳ್ಲಿಲ್ವಾ?"

"ಕೇಳಿದ್ರೆ ಅದನ್ನೂ ಹೋಗಿ ಹೇಳ್ತಾರೆ ಅಂತ ಬಿಟ್ಟೆ."

ಜ್ಯೋತಿಯ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಗೊತ್ತಿತ್ತು ನಿಮಗೆ. ಗೊತ್ತಿದ್ದೂ ನಾನು ಆ ಚಾಪೆ ಮೇಲೆ ಕೂತು ಹೇಳೋದನ್ನ ನೋಡ್ತಾ ಇದ್ರಿ. ನಂಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ಅತ್ತೆ?"

"ಹೇಳಿದ್ರೆ ನೀನು ಕೂರ್ತಿದ್ಯಾ?" ಮಹಾದೇವಮ್ಮ ತಲೆ ಎತ್ತಲಿಲ್ಲ. "ನೀನು ಕೂರದಿದ್ರೆ ಅವ್ರಿಗೆ ಹೇಳಕ್ಕೆ ಯಾರ್ದು ಸಿಗ್ತಿತ್ತು? ಮತ್ತೆ ನಂದೇ."

ಇದಕ್ಕಿಂತ ಮಾವನೇ ವಾಸಿ ಎನ್ನಿಸಿತು ಜ್ಯೋತಿಗೆ. ಆದರೆ ಸಿಪ್ಪೆಯೆಲ್ಲ ಗುಡಿಸಿ ದನಕ್ಕೆ ಹಾಕಿ, ಅವರೆಕಾಳಿನ ಸಾರನ್ನೂ ಅವಳೇ ಮಾಡಿದಳು. ಸಿಟ್ಟು ಬಂತೆಂದು ಒಲೆ ಆರಿಸುವಷ್ಟು ಅನುಕೂಲ ಯಾವ ಮನೆಯ ಸೊಸೆಗಿದೆ?

ಸಂಜೆ ಪಡಸಾಲೆಯಲ್ಲಿ ಅವಳ ಸರದಿ ಬಂತು. "ನಂದು ಏನೂ ಇಲ್ಲ" ಎಂದಳು. ವಿಭೂತಿ ಮುಟ್ಟದೆ ಎದ್ದಳು. ಮಾರನೆಯ ದಿನವೂ ಏನೂ ಇಲ್ಲ. ಅದರ ಮಾರನೆಯ ದಿನ ಮಹಾದೇವಮ್ಮನೂ, "ನಂದೂ ಏನೂ ಇಲ್ರಿ" ಎಂದರು. ಜ್ಯೋತಿಯ ಮಗಳು ಪವಿತ್ರಳಿಗೆ ಒಂಬತ್ತು ವರ್ಷ. ಮಧ್ಯಾಹ್ನವಷ್ಟೇ ಅಜ್ಜನ ಕನ್ನಡಕದ ಮೇಲೆ ಕೂತು ಒಂದು ಕಡ್ಡಿ ಮುರಿದಿದ್ದಳು, ಮನೆಗೆಲ್ಲ ಗೊತ್ತಿತ್ತು. ದಾರ ಸುತ್ತಿದ ಅದೇ ಕನ್ನಡಕ ಹಾಕಿಕೊಂಡು ವೀರಬಸಪ್ಪನವರು ಮೊಮ್ಮಗಳ ಕಡೆ ತಿರುಗಿದರು. ಅವಳು ಅವ್ವನ ಮುಖ ನೋಡಿ, ಅಜ್ಜಿಯ ಮುಖ ನೋಡಿ, "ನಂದೂ ಏನಿಲ್ಲ ಅಜ್ಜ" ಎಂದಳು.

ವೀರಬಸಪ್ಪನವರು ಅವತ್ತು ಅರ್ಧ ರೊಟ್ಟಿಗೇ ಕೈ ತೊಳೆದರು.

*

ಹತ್ತನೆಯ ದಿನ ಬೆಳಗ್ಗೆ ಡೈರಿಯಿಂದ ಬಂದವರು ಖಾಲಿ ಕ್ಯಾನು ಕೆಳಗಿಟ್ಟು ನೇರ ಕೊಟ್ಟಿಗೆಗೆ ಬಂದರು. ಜ್ಯೋತಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು.

"ನಂದು ತಪ್ಪಾತವ್ವ" ಎಂದರು.

ಜ್ಯೋತಿ ಹುಲ್ಲಿನ ಹೊರೆ ಹಿಡಿದು ನಿಂತಳು.

"ಏಳೆಂಟು ಕಡೆ ಹೇಳಿದ್ದೆ ಅದನ್ನ. ಹೇಳ್ತಾ ಹೇಳ್ತಾ ಅದು ಯಾರ್ದು ಅನ್ನೋದೇ ಮರ್ತುಹೋಗಿತ್ತು. ಮುಂದೆ ನಿಮ್ಮವ್ವ ಕೂತಿದ್ದು ಕಂಡ್ರೂ ನೆನಪಾಗ್ಲಿಲ್ಲ ನೋಡು. ಬಾಯಿ ತಾನೇ ಓಡ್ತು. ಅಮಾಸೆ ಕಳೀಲಿ, ಸೊರಬಕ್ಕೆ ಹೋಗಿ ನಿಮ್ಮವ್ವನ ಹತ್ರನೂ ತಪ್ಪಾತು ಅಂತೀನಿ."

ಹೇಳಿದವರು ಸುಮ್ಮನಿರಲಿಲ್ಲ. ಅರವತ್ತೆಂಟು ವರ್ಷದ ಮನುಷ್ಯ, ಸಗಣಿಯ ನೆಲದ ಮೇಲೆ ಬಗ್ಗಿ ಸೊಸೆಯ ಕಾಲು ಮುಟ್ಟಲು ಹೋದರು. ಜ್ಯೋತಿ "ಅಯ್ಯೋ ಬ್ಯಾಡ್ರಿ ಮಾವ!" ಎಂದು ಹಿಂದೆ ಹಾರಿ ಎಮ್ಮೆಗೆ ಡಿಕ್ಕಿ ಹೊಡೆದಳು. ಹುಲ್ಲೆಲ್ಲ ಚೆಲ್ಲಿತು. ಇಬ್ಬರೂ ಅತ್ತರು.

ಅವತ್ತು ಅವಳು ಮಾವನಿಗಿಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಸಂಜೆ ಚಾಪೆಯ ಮೇಲೆ ಕೂತು, "ಹತ್ತು ದಿನ ಮಾವನ್ನ ಮನಸಲ್ಲೇ ಬೈದೆ" ಎಂದು ಒಪ್ಪಿಸಿ ವಿಭೂತಿ ಹಚ್ಚಿಕೊಂಡಳು. ಪವಿತ್ರ ಕನ್ನಡಕದ ಕಡ್ಡಿಯನ್ನು ಒಪ್ಪಿಸಿದಳು. ಮಹಾದೇವಮ್ಮ ಮಾತ್ರ, "ನಂದು ಏನೂ ಇಲ್ಲ" ಎಂದೇ ಎದ್ದರು. ಅತ್ತೆಗೆ ಹಟ ಜಾಸ್ತಿ ಎಂದುಕೊಂಡಳು ಜ್ಯೋತಿ.

ಅಮಾವಾಸ್ಯೆ ಕಳೆಯಿತು. ಸೊರಬಕ್ಕೆ ಹೋಗುವುದು ಡೈರಿಯ ಸಭೆಯೆಂದು ಒಂದು ವಾರ ಮುಂದಕ್ಕೆ ಹೋಯಿತು, ಎಮ್ಮೆ ಈಯುವುದಿದೆ ಎಂದು ಇನ್ನೊಂದು ವಾರ ಹೋಯಿತು. ನಡುವೆ ಆನವಟ್ಟಿಯಲ್ಲಿ ಒಂದು ಭಾಷಣವಿತ್ತು, ಅದಕ್ಕೆ ಮಾತ್ರ ಹೋಗಿ ಬಂದರು.

ಮಾರನೆಯ ದಿನ ಜ್ಯೋತಿ ರೊಟ್ಟಿ ತಟ್ಟುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಮಾಲಾ ವಿಡಿಯೋ ಕಳಿಸಿದ್ದಳು. ಹಿಟ್ಟಿನ ಕೈಯ ಬೆರಳ ಹಿಂಭಾಗದಿಂದಲೇ ಒತ್ತಿದಳು. ದಾರ ಸುತ್ತಿದ ಕನ್ನಡಕ, ಭುಜದ ಮೇಲೆ ಶಲ್ಯ, ಹಿಂದೆ ಹೂವಿನ ಬ್ಯಾನರು.

"ಹೋದ ತಿಂಗಳು ನಾನು ನನ್ನ ಸೊಸೆ ಕಾಲಿಗೆ ಬಿದ್ದೆ!" ಎಂದರು ವೀರಬಸಪ್ಪನವರು. "ಹೌದು ಸ್ವಾಮಿ. ಕೊಟ್ಟಿಗೇಲಿ. ಸಗಣಿ ಮೇಲೆ. ಅವಳ ಕೈಯಾಗೆ ಹುಲ್ಲಿನ ಹೊರೆ. ಯಾಕೆ ಬಿದ್ದೆ? ಅವಳು ತಾಯಿ ಮಂಚದ ಗಂಟೆಗೆ ಬಟ್ಟೆ ತುರುಕಿದ್ಲು ಅಂತ ನಾನು ಹೊರಗೆ ಹೇಳಿದ್ದೆ. ಅವಳದು ದೊಡ್ಡ ತಪ್ಪೇ. ಆದ್ರೆ ನಂದು ಅದಕ್ಕಿಂತ ದೊಡ್ಡದು! ಮುಂದಾಳು ಅನ್ನಿಸ್ಕಂಡೋನು ಬಗ್ಗೋದು ಕಲೀಬೇಕು!" ಚಪ್ಪಾಳೆ. ಯಾರೋ ಸಿಳ್ಳೆ ಹಾಕಿದರು. ಅವರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು, ಚಪ್ಪಾಳೆ ಇನ್ನಷ್ಟು ಜೋರಾಯಿತು.

ಕೆಳಗೆ ಮಾಲಾ ಬರೆದಿದ್ದಳು: "ಅಕ್ಕ, ಇಲ್ಲಿ ಎಲ್ಲರ ಮೊಬೈಲಿಗೂ ಬಂದಿದೆ. ಅತ್ತೆನೂ ನೋಡಿದ್ರು."

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ವಾಸನೆಗೆ ಮಹಾದೇವಮ್ಮ ಬಂದರು, ಮೊಬೈಲು ನೋಡಿದರು, ಒಲೆ ಆರಿಸಿದರು.

ಮಧ್ಯಾಹ್ನ ಮಾವ ಊಟಕ್ಕೆ ಕೂತಾಗ ಜ್ಯೋತಿ ಬಡಿಸಿದಳು. ಬಡಿಸಿ, ಮೊಬೈಲನ್ನು ತಟ್ಟೆಯ ಪಕ್ಕದಲ್ಲಿಟ್ಟು ಒತ್ತಿದಳು. ಅವರ ದನಿ ಅವರಿಗೇ ಕೇಳಿಸಿತು.

"ಇದರಾಗೆ ನನ್ನ ತಪ್ಪನ್ನೇ ಹೇಳಿದೀನಲ್ಲವ್ವ" ಎಂದರು. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. "ತಪ್ಪು ಒಪ್ಕಂಡಿದ್ದನ್ನ ಹೇಳೋದೂ ತಪ್ಪಾ?"

"ಒಂದೇ ಒಂದು ಕೇಳ್ತೀನಿ ಮಾವ. ಅವತ್ತು ಕೊಟ್ಟಿಗೇಲಿ ಬಗ್ಗಿದ್ದು ನನ್ನ ಮುಂದೋ, ಆನವಟ್ಟಿ ಮುಂದೋ?"

ವೀರಬಸಪ್ಪನವರು ಸುಳ್ಳು ಹೇಳುವ ಮನುಷ್ಯನಲ್ಲ. ತುತ್ತು ತಟ್ಟೆಯಲ್ಲೇ ಬಿಟ್ಟರು. ಹಾಲಾಗಿದ್ದರೆ ಅದರೊಳಗೆ ಅಳತೆಗೋಲು ಇಳಿಸಿ ನೋಡಬಹುದಿತ್ತು. ಇದಕ್ಕೆ ಅವರಲ್ಲಿ ಏನೂ ಇರಲಿಲ್ಲ.

"ಗೊತ್ತಿಲ್ಲವ್ವ" ಎಂದರು ಕೊನೆಗೆ.

ಸಂಜೆ ಪೂಜೆ ಮುಗಿಸಿ ಪಡಸಾಲೆಗೆ ಬಂದರೆ ಚಾಪೆ ಹಾಸಿರಲಿಲ್ಲ. ಮಹಾದೇವಮ್ಮ ವಿಭೂತಿ ತಟ್ಟೆಯನ್ನು ದೇವರ ಗೂಡಿನೊಳಗಿಟ್ಟು ಬಾಗಿಲು ಹಾಕಿದ್ದರು. "ಊಟಕ್ಕೆ ಬರ್ರಿ, ಆರೋಗ್ತೈತೆ" ಎಂದರು.

*

ಬೆಳಗ್ಗೆ ಜ್ಯೋತಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡಳು. "ಅವ್ವನ ಹತ್ರ ಒಂದು ವಾರ ಇದ್ದು ಬರ್ತೀನಿ" ಎಂದಳು. ಚಂದ್ರಶೇಖರ ಬಸ್ಸಿಗೆ ಬಿಡುತ್ತೇನೆಂದ, ಬೇಡವೆಂದಳು. ಮಹಾದೇವಮ್ಮ ಪವಿತ್ರಳ ಜಡೆ ಹಾಕುತ್ತಿದ್ದವರು, "ಮಗೀನ ಚಿಂತೆ ಬ್ಯಾಡ, ನಾನಿದೀನಿ" ಎಂದರು. ಅತ್ತೆಯ ಆ ಮಾತನ್ನು ಎಷ್ಟು ನಂಬಬೇಕೆಂದು ಗೊತ್ತಾಗದೆ ಜ್ಯೋತಿ ತಲೆಯಾಡಿಸಿದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಯಾರೋ ಇಬ್ಬರು ಹೆಂಗಸರು ತನ್ನನ್ನೇ ನೋಡಿದರೆನ್ನಿಸಿ ಸೆರಗು ಎಳೆದುಕೊಂಡಳು.

ಸೊರಬದ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಹುಚ್ಚಮ್ಮ, "ಬಂದ್ಯಾ, ಊಟ ಮಾಡು" ಎಂದಳು. ಗಂಟೆ ಮಂಚದ ಮೇಲಿರಲಿಲ್ಲ. ತಮ್ಮ ಅದನ್ನು ಬಿಚ್ಚಿ ಗೋಡೆಯ ಮೊಳೆಗೆ ಹಾಕಿದ್ದ. ಜ್ಯೋತಿ ಅದನ್ನು ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ, ಮತ್ತೆ ಮಂಚದ ಪಟ್ಟಿಗೆ ತಾಯಿಯ ಎಡಗೈಗೆ ಎಟುಕುವಂತೆ ಕಟ್ಟಿದಳು. ಹುಚ್ಚಮ್ಮ ನೋಡಿದಳು. ಬೇಡ ಎನ್ನಲಿಲ್ಲ, ಮುಟ್ಟಲೂ ಇಲ್ಲ.

ಮೂರು ದಿನ ಹೀಗೇ ಹೋಯಿತು. ಮೈ ಒರೆಸಲು ಜ್ಯೋತಿ ಬಿಸಿನೀರು ತಂದರೆ, "ಮಾಲಾ ಬರ್ಲಿ" ಎನ್ನುವಳು. ಮಾತ್ರೆ ಕೊಡಲು ಹೋದರೆ, "ಅಲ್ಲಿಡು, ಮಾಲಾ ಕೊಡ್ತಾಳೆ." ಮಾಲಾಗೇ ಮುಜುಗರ. "ಅಕ್ಕ ಅಷ್ಟು ದೂರದಿಂದ ಬಂದದೆ ಅತ್ತೆ, ಎಂತಕ್ಕೆ ಹಿಂಗೆ ಮಾಡ್ತೀರಿ?" ಎಂದು ಒಮ್ಮೆ ಬೈದೇಬಿಟ್ಟಳು. "ನಾನೆಂತ ಮಾಡಿದೆ?" ಎಂದು ಹುಚ್ಚಮ್ಮ ಗೋಡೆ ಕಡೆ ತಿರುಗಿದಳು.

ನಾಲ್ಕನೆಯ ದಿನ ಮಾಲಾ ಮಗುವಿಗೆ ಚುಚ್ಚುಮದ್ದು ಹಾಕಿಸಲು ಆಸ್ಪತ್ರೆಗೆ ಹೋದಳು. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಊಟವಾದ ಮೇಲೆ ಹುಚ್ಚಮ್ಮನಿಗೆ ಜೊಂಪು ಹತ್ತಿತು. ಜ್ಯೋತಿ ಮಂಚದ ಪಕ್ಕ ಚಾಪೆ ಹಾಸಿ ಒರಗಿದಳು. ಅದೇ ಚಾಪೆ, ಅದೇ ಜಾಗ. ಕಣ್ಣು ಮುಚ್ಚಿದಳು, ನಿದ್ದೆ ಬರಲಿಲ್ಲ. ಗಂಟೆ ಒಂದು ಸಲ ಬಡಿಯಲಿ, ಒಂದೇ ಒಂದು ಸಲ, ಓಡಿ ಏಳುತ್ತೇನೆ ಎಂದು ಕಾದಳು.

ಸ್ವಲ್ಪ ಹೊತ್ತಿಗೆ ಮಂಚ ಕಿರುಗುಟ್ಟಿತು. ಜ್ಯೋತಿ ರೆಪ್ಪೆಯ ಸಂದಿನಿಂದ ನೋಡಿದಳು. ಹುಚ್ಚಮ್ಮ ಒಣಗಿದ ತುಟಿ ಸವರಿಕೊಂಡಳು. ಎಡಗೈ ಗಂಟೆಯ ಕಡೆ ಹೋಯಿತು. ಗಂಟೆಯನ್ನು ಅಲ್ಲಾಡಿಸಲಿಲ್ಲ. ಸದ್ದಾಗದಂತೆ ಅದರ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅದರಾಚೆ ಸ್ಟೂಲಿನ ಮೇಲಿದ್ದ ಚೊಂಬಿಗೆ ಕೈ ಚಾಚಿದಳು. ಎಟುಕಲಿಲ್ಲ. ಮತ್ತೆ ಚಾಚಿದಳು.

ಜ್ಯೋತಿ ತಡೆಯಲಾರದೆ ಎದ್ದಳು. ಚೊಂಬು ಎತ್ತಿ ಲೋಟಕ್ಕೆ ಬಗ್ಗಿಸಿದಳು. ನೀರು ಚಾಪೆಯ ಮೇಲೂ ಚೆಲ್ಲಿತು.

"ಗಂಟೆ ಬಾರ್ಸಬಾರ್ದಾ ಅವ್ವ? ನಾನು ಎಚ್ಚರಾಗೇ ಇದೀನಲ್ಲ."

ಹುಚ್ಚಮ್ಮ ಮಗಳ ಮುಖವನ್ನು ನೇರವಾಗಿ ನೋಡಿದಳು, ಭಾಷಣದ ದಿನದಿಂದ ಇದೇ ಮೊದಲ ಸಲ.

"ಅವತ್ತೂ ಎಚ್ಚರಾಗೇ ಇದ್ಯಂತಲ್ಲ ಕೂಸೇ" ಎಂದಳು.

ಹೇಳಿ, ನೀರಿಗೆ ಕೈ ಒಡ್ಡಿದಳು.